ಅರಮನೆಯ ಜನರೇಟರಿಗೆ ಏರ್ ಹಿಡಿದ ದಿನ

ನಾವು ಗುಂಡಿ ತೋಡಿದ್ದು ಗುರುವಾರ. ಎಲ್ಲ ಎಡವಟ್ಟು ಶುರುವಾಗಿದ್ದು ಅಲ್ಲಿಂದ.

2015ರ ಫೆಬ್ರವರಿ. ಘಾನಾದಲ್ಲಿ ಮೊಬೈಲ್ ಟವರ್‌ಗಳಿಗೆ ಜನರೇಟರ್, ಬ್ಯಾಟರಿ ಕೂರಿಸಿಕೊಡುವ ಒಂದು ಕಂಟ್ರಾಕ್ಟ್ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಉಳಿದುಕೊಂಡಿದ್ದು ಕುಮಾಸಿಯಲ್ಲಿ. ಆ ಸೀಮೆಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಂತೆ ಓದಿದರೆ ‘ಅಶಾಂತಿ’ ಅಂತ ಆಗುತ್ತದೆ. “ನನ್ನನ್ನು ಅಶಾಂತಿಗೆ ಹಾಕಿದ್ದಾರೆ” ಅಂತ ಕಾರ್ಕಳಕ್ಕೆ ಫೋನ್ ಮಾಡಿ ಹೇಳಿದ್ದಕ್ಕೆ ಅಮ್ಮ ಅವತ್ತು ರಾತ್ರಿ ಊಟವನ್ನೇ ಬಿಟ್ಟಿದ್ದರಂತೆ. ಅಲ್ಲಿನವರ ಬಾಯಲ್ಲಿ ಅದು ಅಸಾಂತೆ. ಶಾಂತವಾದ ಜಾಗವೇ.

ಟವರ್ ಬರಬೇಕಿದ್ದ ಊರು ಕುಮಾಸಿಯಿಂದ ಒಂದೂವರೆ ಗಂಟೆ ದಾರಿ. ಊರಿನ ಹೆಸರು, ಅಲ್ಲಿನ ಒಡೆಯರ, ಅಂದರೆ ಪರಂಪರೆಯಿಂದ ಬಂದ ಊರಿನ ರಾಜರ ಹೆಸರು ಎರಡನ್ನೂ ಬರೆಯುವುದಿಲ್ಲ. ಅವರು ನನ್ನ ಹತ್ತಿರ ಮಾತಾಡಿದ್ದು ಊರಿಗೆಲ್ಲ ಸಾರಲಿ ಅಂತ ಅಲ್ಲ. ಊರ ಹಿಂದಿನ ದಿಬ್ಬದ ಮೇಲೆ ಜಾಗ ನೋಡಿದ್ದೆವು. ಅಲ್ಲಿ ಕೋಕೋ ಬೆಳೆಯುತ್ತಿದ್ದ ರೈತನ ಜೊತೆ ಮಾತಾಗಿತ್ತು, ಅವನು ತಲೆ ಆಡಿಸಿದ್ದ, ನಮ್ಮ ಮ್ಯಾನೇಜರ್ ಲೆಕ್ಕದಲ್ಲಿ ಅಷ್ಟಾದರೆ ಜಾಗ ಸಿಕ್ಕಿತು ಅಂತಲೇ. ಮಣ್ಣು ಎಷ್ಟು ಗಟ್ಟಿ ಇದೆ, ಅರ್ಥಿಂಗ್ ಸರಿ ಸಿಗುತ್ತದಾ ಅಂತ ನೋಡಲು ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಹಾರೆ ಹಾಕಿಸಿದೆ. ಸೊಂಟದ ಆಳ ಇಳಿದಿರಬೇಕು, ಕೆಳಗಿನಿಂದ ಇಬ್ಬರು ಹಿರಿಯರು ಓಡೋಡಿ ಬಂದರು. ಬಂದವರು ಬೈಯಲಿಲ್ಲ. ಗುಂಡಿಯೊಳಗೆ ಒಮ್ಮೆ ನೋಡಿದರು, ನನ್ನ ಮುಖ ನೋಡಿದರು, ಹಾರೆಯನ್ನು ಎತ್ತಿ ಬದಿಗೆ ಇಟ್ಟರು.

ನಮ್ಮ ಸರ್ವೇಯರ್ ಅದೇ ಸೀಮೆಯವನು, ಆದರೆ ಓದಿ ಬೆಳೆದದ್ದೆಲ್ಲ ರಾಜಧಾನಿ ಅಕ್ರಾದಲ್ಲಿ. ಅವನಿಗೂ ಆಗಲೇ ನೆನಪಾಗಿದ್ದು. ಭೂಮಿತಾಯಿಗೆ ಅಲ್ಲಿ ಅಸಾಸೆ ಯಾ ಅನ್ನುತ್ತಾರೆ. ಯಾ ಅಂದರೆ ಗುರುವಾರ ಹುಟ್ಟಿದವಳು. ಅವಳ ದಿನ ಯಾರೂ ನೆಲ ಅಗೆಯುವ ಹಾಗಿಲ್ಲ, ಹೊಲಕ್ಕೆ ಗುದ್ದಲಿ ಹಾಕುವ ಹಾಗಿಲ್ಲ.

ಬೇರೆ ಯಾರಾದರೂ ಆಗಿದ್ದರೆ ‘ಏನಪ್ಪ ಇವರ ಮೂಢನಂಬಿಕೆ’ ಅಂದುಕೊಳ್ಳುತ್ತಿದ್ದರೇನೋ. ನನಗೆ ಮೈ ಬೆವರಿತು. ತುಳುನಾಡಿನಲ್ಲಿ ಹುಟ್ಟಿದವನಿಗೆ ಕೆಡ್ಡಸ ಗೊತ್ತಿಲ್ಲದೆ ಇರುತ್ತದಾ? ವರ್ಷಕ್ಕೆ ಮೂರು ದಿನ ಭೂಮಿ ಮುಟ್ಟಾಗಿರುತ್ತಾಳೆ, ಹಾರೆ ಗುದ್ದಲಿ ಮುಟ್ಟಬಾರದು, ಕೊನೆಗೆ ಅಂಗಳದಲ್ಲಿ ಎಣ್ಣೆ, ಅರಸಿನ, ಸೀಗೆ ಇಟ್ಟು ಅವಳನ್ನು ಮೀಯಿಸುವುದು. ಅದೂ ಫೆಬ್ರವರಿಯಲ್ಲೇ ಬರುವುದು. ಅದೇ ವಾರ ಅಮ್ಮ ಫೋನಿನಲ್ಲಿ ಅಕ್ಕಿ ಹುರಿದು ಬೆಲ್ಲ, ಕಾಯಿ ಹಾಕಿ ಪುಡಿ ಮಾಡಿದ್ದು ಹೇಳಿದ್ದರು. ಎಂಟು ಸಾವಿರ ಕಿಲೋಮೀಟರಿಗಿಂತ ದೂರ ಬಂದು ಅದೇ ತಪ್ಪು ಮಾಡಿ ನಿಂತಿದ್ದೆ.

ಮರುದಿನವೇ ಒಡೆಯರ ಅರಮನೆಗೆ ಹೋದೆ. ಅರಮನೆ ಅಂದರೆ ಮೈಸೂರಿನದ್ದು ಕಣ್ಣ ಮುಂದೆ ತಂದುಕೊಳ್ಳಬೇಡಿ. ತಗಡಿನ ಮಾಡು, ನಡುವೆ ದೊಡ್ಡ ಅಂಗಳ, ಸುತ್ತ ಜಗಲಿ, ನಮ್ಮ ಗುತ್ತಿನ ಮನೆಯ ಚಾವಡಿ ಇದ್ದ ಹಾಗೆ. ಹೋದವನು ಮಾಡಿದ ತಪ್ಪುಗಳು: ಹೆಲ್ಮೆಟ್ ಹಾಕಿಕೊಂಡೇ ಒಳಗೆ ಹೋದೆ, ಕೂತು ಕಾಲ ಮೇಲೆ ಕಾಲು ಹಾಕಿದೆ, ಕೊನೆಗೆ ಮ್ಯಾನೇಜರ್ ಕೊಟ್ಟ ಕಾಗದವನ್ನು ಎಡಗೈಯಲ್ಲಿ ಚಾಚಿದೆ. ಎಡಗೈ ವಿಷಯದಲ್ಲಾದರೂ ನನಗೆ ಬುದ್ಧಿ ಇರಬೇಕಿತ್ತು. ಬಲಗೈಯಲ್ಲಿ ಫೋನಿತ್ತು, ಅದರಲ್ಲಿ ಮ್ಯಾನೇಜರ್ “ಎಷ್ಟೊತ್ತಿಗೆ ಮುಗಿಯುತ್ತೆ” ಅಂತ ಕೇಳುತ್ತಿದ್ದರು.

ಯಾರೂ ಜಗಳ ಮಾಡಲಿಲ್ಲ. ಒಬ್ಬರು ಬಂದು, ಮೆಲ್ಲಗೆ, ನಿನ್ನ ಪರವಾಗಿ ಮಾತಾಡುವವರನ್ನು ಕರೆದುಕೊಂಡು ಬಾ ಅಂದರು. ಗುರುವಾರದ ತಪ್ಪಿಗೆ ಎರಡು ಕುರಿ, ಶ್ನಾಪ್ಸ್ ಬಾಟಲಿ. ಶ್ನಾಪ್ಸ್ ಅನ್ನುವುದು ಡಚ್ಚರ ಕಾಲದಿಂದ ಬಂದ ಸಾರಾಯಿ. ಅಲ್ಲಿ ತೀರಿಹೋದ ಹಿರಿಯರಿಗೆ ನೆಲದ ಮೇಲೆ ಹನಿಸುವುದಕ್ಕೆ ಅದೇ ಬೇಕು. ಕಂಪನಿಯ ಖರ್ಚಿನ ಪಟ್ಟಿಯಲ್ಲಿ ಕುರಿಗೆ ಕಾಲಂ ಇರಲಿಲ್ಲ, ‘ಸೈಟ್ ತಯಾರಿ’ ಅಂತ ಬರೆದೆವು.

ಒಡೆಯರ ಒಪ್ಪಿಗೆ ಯಾಕೆ ಬೇಕು ಅಂತ ಇಲ್ಲಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಸುಮ್ನೆ ಶಿಷ್ಟಾಚಾರದ ಕತೆ ಅನ್ನಿಸಬಹುದು. ಘಾನಾದ ಹೆಚ್ಚಿನ ಭೂಮಿ ಸರ್ಕಾರದ್ದೂ ಅಲ್ಲ, ಒಬ್ಬೊಬ್ಬರದ್ದೂ ಅಲ್ಲ. ಅಸಾಂತೆ ಸೀಮೆಯಲ್ಲಿ ಅದು ಪೀಠದ್ದು. ಪೀಠ ಅಂದರೆ ಸಿಂಹಾಸನವಲ್ಲ, ನಿಜವಾಗಿ ಒಂದು ಮರದ ಮಣೆ, ನಡುವೆ ಬಾಗಿದ್ದು. ತೀರಿಹೋದ ಒಡೆಯರ ಪೀಠಗಳನ್ನು ಕಪ್ಪು ಬಳಿದು ಕತ್ತಲೆ ಕೋಣೆಯಲ್ಲಿ ಇಟ್ಟು ಪೂಜಿಸುತ್ತಾರೆ. ಇಡೀ ಅಸಾಂತೆಗೆ ಮೂಲ ಅಂದರೆ ಚಿನ್ನದ ಪೀಠ, ಸಿಕಾ ದ್ವಾ ಕೋಫಿ. ಅದರ ಮೇಲೆ ರಾಜ ಕೂಡ ಕೂರುವುದಿಲ್ಲ. 1900ರಲ್ಲಿ ಬ್ರಿಟಿಷ್ ಗವರ್ನರ್ ಹಾಡ್ಜ್‌ಸನ್ ‘ನಾನು ಅದರ ಮೇಲೆ ಕೂರಬೇಕು, ತನ್ನಿ’ ಅಂದದ್ದಕ್ಕೆ ಎಜಿಸು ಊರಿನ ರಾಜಮಾತೆ ಯಾ ಅಸಾಂತೆವಾ ಯುದ್ಧಕ್ಕೇ ಹೊರಟರು. ಅವರನ್ನು ಹಿಡಿದು ಸೀಷೆಲ್ಸ್ ದ್ವೀಪಕ್ಕೆ ಸಾಗಿಸಿದರು. ಪೀಠ ಮಾತ್ರ ಬ್ರಿಟಿಷರ ಕೈಗೆ ಸಿಗಲಿಲ್ಲ. ಇಂಥ ಕಡೆ ನಾನು ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ.

ಎರಡು ವಾರ ಬಿಟ್ಟು ಸರಿಯಾಗಿ ಹೋದೆವು. ಸರ್ವೇಯರ್ ತನ್ನ ಸೋದರಮಾವನನ್ನೇ ಕರೆತಂದಿದ್ದ. ಹೆಗಲ ಮೇಲಿನ ಬಟ್ಟೆ ಇಳಿಸಿ, ಚಪ್ಪಲಿಯಿಂದ ಕಾಲು ಹೊರಗೆ ತೆಗೆದು, ಬಲದಿಂದ ಎಡಕ್ಕೆ ಒಬ್ಬೊಬ್ಬರಿಗೂ ನಮಸ್ಕಾರ ಹೇಳುತ್ತಾ ಹೋಗುವುದು ಹೇಗೆ ಅಂತ ಮಾವ ಕಾರಿನಲ್ಲೇ ಹೇಳಿಕೊಟ್ಟರು. ನಾನು ಅಂಗಿ ಹಾಕಿದವನು, ಇಳಿಸುವುದಕ್ಕೆ ಬಟ್ಟೆ ಇಲ್ಲ, ಚಪ್ಪಲಿ ಮಾತ್ರ ಬಿಟ್ಟೆ. ಕೂತ ಮೇಲೆ ಮೊದಲು ನೀರು ಕೊಟ್ಟರು. ಕುಡಿದು ಮುಗಿಸುವವರೆಗೆ ಯಾಕೆ ಬಂದಿರಿ ಅಂತ ಕೇಳುವುದಿಲ್ಲ. ನಮ್ಮಲ್ಲಿ ಬೆಲ್ಲ ನೀರು ಕೊಡುವ ಹಾಗೆ, ಬೆಲ್ಲ ಒಂದು ಇಲ್ಲ ಅಷ್ಟೆ. ಆಮೇಲೆ ‘ನಾವು ಇಲ್ಲಿ ಸುಖವಾಗಿದ್ದೇವೆ, ದಾರಿ ನಡೆದು ಬಂದವರು ನೀವು, ನಿಮ್ಮ ಸುದ್ದಿ ಏನು’ ಅಂತ ಕೇಳುವುದು. ಅದಕ್ಕೆ ಅಮನ್ನೆ ಅನ್ನುತ್ತಾರೆ.

ಒಡೆಯರು ಎತ್ತರದ ಜಗಲಿಯ ಮೇಲೆ ಕೂತಿದ್ದರು. ಅರವತ್ತು ದಾಟಿದ ಮನುಷ್ಯ, ಸಣಕಲು ಮೈ, ಕೆಂಟೆ ಬಟ್ಟೆ ಹೊದ್ದಿದ್ದರು, ಎತ್ತರದ ಅಟ್ಟೆಯ ಕಪ್ಪು ಚಪ್ಪಲಿ. ಎಲ್ಲರೂ ಅವರನ್ನು ನಾನಾ ಅಂತ ಕರೆಯುತ್ತಾರೆ. ಅವರು ನಮ್ಮ ಜೊತೆ ನೇರ ಮಾತಾಡುವುದಿಲ್ಲ, ನಾವೂ ಅವರ ಜೊತೆ ನೇರ ಮಾತಾಡುವ ಹಾಗಿಲ್ಲ. ನಡುವೆ ಒಚಿಯಾಮೆ ಇರುತ್ತಾರೆ, ಅವರ ಮಾತಿನ ಮನುಷ್ಯ. ಕೈಯಲ್ಲಿ ಚಿನ್ನದ ಹಿಡಿಯ ಕೋಲು. ಆ ಹಿಡಿಯಲ್ಲಿ ಒಂದು ಕೈ, ಕೈಯೊಳಗೆ ಮೊಟ್ಟೆ. ಅಧಿಕಾರ ಮೊಟ್ಟೆಯ ಹಾಗೆ, ಬಿಗಿ ಹಿಡಿದರೆ ಒಡೆಯುತ್ತದೆ, ಸಡಿಲ ಬಿಟ್ಟರೆ ಬೀಳುತ್ತದೆ ಅಂತ ಅದರ ಅರ್ಥ. ನಾನಾ ಎರಡು ಮಾತು ಹೇಳಿದರೆ ಒಚಿಯಾಮೆ ಅದಕ್ಕೆ ಗಾದೆ ಸೇರಿಸಿ, ಒಗ್ಗರಣೆ ಹಾಕಿ ಹತ್ತು ಮಾತು ಮಾಡಿ ಸಭೆಗೆ ಹೇಳುತ್ತಾರೆ. ಒರಟು ಮಾತು ಬಂದರೆ ನಯ ಮಾಡುವುದೂ ಅವರ ಕೆಲಸ.

ಆಗ ಕರೆಂಟ್ ಹೋಯಿತು.

ಹೋಗುವುದೇನು ವಿಶೇಷವಲ್ಲ. ಆ ವರ್ಷ ಘಾನಾದಲ್ಲಿ ಕರೆಂಟಿನ ಗೋಳು ವಿಪರೀತ. ಟೈಮ್‌ಟೇಬಲ್ ಪ್ರಕಾರವೇ 12 ಗಂಟೆ ಇದ್ದರೆ 24 ಗಂಟೆ ಇಲ್ಲ. ಜನ ಅದಕ್ಕೆ ಡುಮ್‌ಸೊ ಅಂತ ಹೆಸರಿಟ್ಟಿದ್ದರು. ಡುಮ್ ಅಂದರೆ ಆರಿಸು, ಸೊ ಅಂದರೆ ಹೊತ್ತಿಸು. ಗೋಡೆಯ ಹಿಂದೆ ಯಾರೋ ಜನರೇಟರ್ ಚಾಲು ಮಾಡಿದರು. ಚಾಲು ಆಯಿತು, ಆದರೆ ಸದ್ದು ಸರಿ ಇಲ್ಲ. ಏರುತ್ತದೆ, ಕುಸಿಯುತ್ತದೆ, ಮತ್ತೆ ಏರುತ್ತದೆ. ಫ್ಯಾನ್ ಒಮ್ಮೆ ಜೋರು, ಒಮ್ಮೆ ನಿಧಾನ. ಸಭೆಯಲ್ಲಿ ಯಾರಿಗೂ ಅದರ ಗಣನೆ ಇಲ್ಲ, ಮಾವ ನಮ್ಮ ಕತೆ ಹೇಳುತ್ತಲೇ ಇದ್ದರು. ನನ್ನ ಕಿವಿ ಮಾತ್ರ ಗೋಡೆಯ ಆಚೆ. ಹದಿನೈದು ವರ್ಷ ಜನರೇಟರ್ ಸದ್ದು ಕೇಳಿ ಅನ್ನ ತಿಂದವನು ನಾನು. ನೋಡಿದರೆ ನಾನಾರ ಬೆರಳು ಕುರ್ಚಿಯ ಕೈಯ ಮೇಲೆ ಅದೇ ಲಯದಲ್ಲಿ ತಟ್ಟುತ್ತಾ ಇದೆ! ಏರಿದಾಗ ಬೇಗ, ಇಳಿದಾಗ ನಿಧಾನ. ನನ್ನ ಕಣ್ಣು, ಅವರ ಕಣ್ಣು ಒಂದು ಕ್ಷಣ ಕೂಡಿತು.

ಅವರು ಒಚಿಯಾಮೆಯ ಕಡೆ ಬಾಗಿ ಏನೋ ಹೇಳಿದರು. ಒಚಿಯಾಮೆ ಎದ್ದು ಕೋಲು ಊರಿ, ಗಂಭೀರವಾಗಿ ನನ್ನ ಕಡೆ ತಿರುಗಿ ಹೇಳಿದ್ದನ್ನು ಸರ್ವೇಯರ್ ನನ್ನ ಕಿವಿಯಲ್ಲಿ ಹೇಳಿದ: “ಬಾಯಾರಿದವನ ಗಂಟಲಲ್ಲಿ ಗಾಳಿ ಸಿಕ್ಕಿಕೊಂಡರೆ ಹೊಳೆಯೇ ಎದುರಿಗಿದ್ದರೂ ನೀರು ಇಳಿಯುವುದಿಲ್ಲ. ದೂರದಿಂದ ಬಂದ ಮಗ ಗಂಟಲು ಸರಿ ಮಾಡಬಲ್ಲನಾ ಅಂತ ನಾನಾ ಕೇಳುತ್ತಾರೆ.”

ಒಂದು ನಿಮಿಷ ಬೇಕಾಯಿತು ನನಗೆ. ಆಮೇಲೆ ಹೊಳೆಯಿತು. ಡೀಸೆಲ್ ಲೈನಿಗೆ ಏರ್ ಹಿಡಿದಿದೆ ಅಂತಿದ್ದಾರೆ ಇವರು! ನಮ್ಮ ತೋಟದ ಡೀಸೆಲ್ ಪಂಪಿಗೆ ಪ್ರತಿ ಬೇಸಿಗೆಯಲ್ಲಿ ಆಗುತ್ತಿದ್ದದ್ದೂ ಅದೇ.

ಕಾರಿನಿಂದ ಸ್ಪ್ಯಾನರ್ ತಂದು ಗೋಡೆಯ ಹಿಂದೆ ಹೋದೆ. ಮೂರು ಸಿಲಿಂಡರಿನ ಹಳೆ ಇಂಜಿನ್. ನಾನಾ ಕೂತಲ್ಲಿಂದ ಏಳುವಂತಿಲ್ಲ, ಇಂಜಿನ್ ಅವರಿಗೆ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ಒಚಿಯಾಮೆ ಬಾಗಿಲಲ್ಲಿ ನಿಂತರು, ಒಂದು ಕಿವಿ ಒಳಗೆ, ಬಾಯಿ ಹೊರಗೆ. ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂ ಸಡಿಲ ಮಾಡಿ ಹ್ಯಾಂಡ್ ಪಂಪ್ ಒತ್ತುತ್ತಾ ಹೋದೆ. ನೊರೆ ನೊರೆ ಬಂತು, ಗುಳ್ಳೆ ಬಂತು, ಕೊನೆಗೆ ಬರೀ ಡೀಸೆಲ್. ಬಿಗಿ ಮಾಡಿ ಚಾಲು ಮಾಡಿದೆ. ಮುಕ್ಕಾಲು ಭಾಗ ಸರಿಯಾಯಿತು. ಒಂದು ಬಡಿತ ಇನ್ನೂ ತಪ್ಪುತ್ತಿತ್ತು. ಯಾವುದಿರಬಹುದು ಅಂತ ನೋಡುತ್ತಿದ್ದೆ, ಬಾಗಿಲಿನಿಂದ ಒಚಿಯಾಮೆ: “ಮೂರು ಮಕ್ಕಳಲ್ಲಿ ಕಿರಿಯವನು ಇನ್ನೂ ಅಳುತ್ತಿದ್ದಾನೆ. ಅವನ ಹತ್ತಿರ ಹೋಗು ಅನ್ನುತ್ತಾರೆ ನಾನಾ.”

ಮೂರನೇ ಇಂಜೆಕ್ಟರಿನ ಪೈಪ್ ನಟ್ ಮುಟ್ಟಿದೆ. ಒದ್ದೆ. ಅರ್ಧ ಸುತ್ತು ಸಡಿಲ ಮಾಡಿ, ಏರ್ ಬಿಟ್ಟು, ಗಟ್ಟಿಯಾಗಿ ಬಿಗಿದೆ. ಇಂಜಿನ್ ನೂಲು ಎಳೆದ ಹಾಗೆ ಓಡಿತು. ಒಳಗೆ ಸಭೆ ಒಟ್ಟಿಗೆ ಏನೋ ಅಂದಿತು. ನಗುವೋ, ಆಶೀರ್ವಾದವೋ.

“ನಿನಗೆ ಗೊತ್ತಿರಲಿಲ್ಲವಾ?” ಅಂತ ಸರ್ವೇಯರ್ ನಕ್ಕ. “ನಾನಾ ಇಪ್ಪತ್ತು ವರ್ಷ ಅಕೋಸೊಂಬೊ ಡ್ಯಾಮಿನಲ್ಲಿ ಇಂಜಿನಿಯರ್ ಆಗಿದ್ದವರು.”

ಸಂಜೆ ಒಳಗಿನ ಕೋಣೆಗೆ ಕರೆ ಬಂತು. ಕೆಂಟೆ ಇಲ್ಲ, ಸಾದಾ ಬಟ್ಟೆ. ಒಚಿಯಾಮೆ ಇದ್ದರು, ಆದರೆ ಸುಮ್ಮನೆ ಕೂತಿದ್ದರು. ನಾನಾ ಇಂಗ್ಲಿಷಿನಲ್ಲೇ ಮಾತಾಡಿದರು. ಮೊದಲು ಕೇಳಿದ್ದು ಯಾವ ವಾರ ಹುಟ್ಟಿದ್ದು ಅಂತ. ಬುಧವಾರ ಅಂದೆ. ಹಾಗಾದರೆ ನೀನು ಕ್ವಾಕು ಅಂದರು. ಅಲ್ಲಿನ ಅಜ್ಜಿಕತೆಗಳ ಮೋಸಗಾರ ಜೇಡ ಅನಾನ್ಸೆಯ ಹೆಸರೂ ಕ್ವಾಕುವೇ, ಹಾಗಾಗಿ ಎಲ್ಲರೂ ನಕ್ಕರು. ಮೂರನೇ ಇಂಜೆಕ್ಟರ್ ಅಂತ ಅಷ್ಟು ದೂರದಿಂದ ಹೇಗೆ ಗೊತ್ತಾಯಿತು ಅಂತ ಕೇಳಿದೆ. ಏನೋ ಪವಾಡದ ಉತ್ತರ ಬರುತ್ತದೆ ಅಂದುಕೊಂಡಿದ್ದೆ. “ಆ ನಟ್ಟಿನ ಥ್ರೆಡ್ ಸವೆದಿದೆ. ಕೊಂಡ ದಿನದಿಂದ ಸವೆದೇ ಇದೆ. ಬದಲಿಸಿ ಅಂತ ಹೇಳುತ್ತಲೇ ಇದ್ದೇನೆ, ನನ್ನ ಕೈಯಿಂದ ಬದಲಿಸುವ ಹಾಗಿಲ್ಲ” ಅಂದರು.

ಅವರ ಕತೆ ಇದು. ಕುಮಾಸಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಓದಿ 1977ರಲ್ಲಿ ವೋಲ್ಟಾ ನದಿಯ ಡ್ಯಾಮಿನಲ್ಲಿ ಕೆಲಸಕ್ಕೆ ಸೇರಿದರು. ಅಕೋಸೊಂಬೊ ಡ್ಯಾಮ್ ಘಾನಾದ ಮೊದಲ ಅಧ್ಯಕ್ಷ ಎನ್‌ಕ್ರುಮಾ ಕಾಲದ್ದು, 1966ರ ಜನವರಿಯಲ್ಲಿ ಉದ್ಘಾಟನೆ ಆಗಿ ಒಂದೇ ತಿಂಗಳಲ್ಲಿ ಎನ್‌ಕ್ರುಮಾ ಅಧಿಕಾರವೇ ಹೋಯಿತು. ಅದರ ಹಿಂದೆ ನಿಂತ ನೀರು 8,500 ಚದರ ಕಿಲೋಮೀಟರ್. ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆ ಸೇರಿಸಿದರೂ ಅಷ್ಟು ಇಲ್ಲ. ಟರ್ಬೈನ್ ಮೇಂಟೆನೆನ್ಸ್ ಇವರದ್ದು. ಕೆಳಗೆ ಪೊಂಗ್‌ನಲ್ಲಿ 160 ಮೆಗಾವಾಟಿನ ಎರಡನೇ ಡ್ಯಾಮ್ 1982ರಲ್ಲಿ ಚಾಲು ಆದಾಗ ಅಲ್ಲೂ ಓಡಾಡಿದರು. ಮರುವರ್ಷ ಬರ. ಕಾಡು ಹೊತ್ತಿ ಉರಿಯಿತು, ನೈಜೀರಿಯಾ ತನ್ನಲ್ಲಿದ್ದ ಲಕ್ಷಾಂತರ ಘಾನಾದವರನ್ನು ಹೊರಗೆ ಹಾಕಿತು, ಕೆರೆ ಇಳಿಯಿತು. ಆ ವರ್ಷ ತಾನು ಮಲಗಿದ್ದೇ ನೆನಪಿಲ್ಲ ಅಂದರು.

“ಒಂದು ದಿನ ಊರಿನಿಂದ ಜನ ಬಂದು, ದೊಡ್ಡ ಮರ ಉರುಳಿತು ಅಂದರು.”

“ಯಾವ ಮರ? ಲೈನಿನ ಮೇಲೆ ಬಿತ್ತಾ?” ಅಂತ ಕೇಳಿಬಿಟ್ಟೆ.

ಒಚಿಯಾಮೆ ಮುಖ ತಿರುಗಿಸಿ ನಕ್ಕರು. ಒಡೆಯರು ಸತ್ತರು ಅಂತ ಅಲ್ಲಿ ಹೇಳುವುದಿಲ್ಲ. ದೊಡ್ಡ ಮರ ಉರುಳಿತು ಅನ್ನುತ್ತಾರೆ. ಉರುಳಿದ್ದು ಅವರ ಸೋದರಮಾವ. ಅಲ್ಲಿ ಪೀಠ ಮಗನಿಗೆ ಹೋಗುವುದಿಲ್ಲ, ತಾಯಿಯ ಕಡೆ ರಕ್ತಕ್ಕೆ ಹೋಗುತ್ತದೆ, ಅಂದರೆ ತಮ್ಮನಿಗೆ ಇಲ್ಲ ಅಳಿಯನಿಗೆ. ನಮ್ಮಲ್ಲೂ ಅಳಿಯ ಸಂತಾನ ಅಂತ ಇತ್ತು, ಭೂತಾಳ ಪಾಂಡ್ಯನ ಕಟ್ಟು ಅನ್ನುತ್ತೇವೆ, ನನ್ನ ಮನೆಯ ಹೆಸರು ತಾಯಿ ಕಡೆಯದ್ದು ಅಂತ ನಾನು ಹೇಳಿದಾಗ ಮುಂದಕ್ಕೆ ಬಾಗಿ ಕೂತರು. ಅರ್ಧ ಗಂಟೆ ಅದೇ ಮಾತು. ಮುಂಬೈಯಲ್ಲಿ ಹೋಟೆಲೋ ಬ್ಯಾಂಕೋ ಅಂತ ಇದ್ದವರನ್ನು ಗುತ್ತಿನ ಮನೆಗೆ ಕರೆಸಿ ಗಡಿ ಹಿಡಿಸುವುದು, ಅಂದರೆ ಮನೆಯ ಯಜಮಾನಿಕೆಗೆ ಕೂರಿಸುವುದು, ಆಮೇಲೆ ಅವರನ್ನು ಹೆಸರು ಹಿಡಿದು ಕರೆಯದೆ ಗುತ್ತಿನ ಹೆಸರಿನಲ್ಲೇ ಕರೆಯುವುದು, ಎಲ್ಲ ಕೇಳಿದರು. “ಅವರು ಭೂತದ ನೇಮಕ್ಕೆ ಮಾತ್ರ ಬರುತ್ತಾರಾ, ಅಲ್ಲೇ ಇರುತ್ತಾರಾ?” ಅಂತ ಎರಡು ಸಲ ಕೇಳಿದರು. ಹೆಚ್ಚಿನವರು ನೇಮಕ್ಕೆ ಬರುತ್ತಾರೆ ಅಂದೆ. “ಅದೃಷ್ಟವಂತರು.”

ಆರಿಸುವುದು ರಾಜಮಾತೆ, ಒಹೆಮಾ. ರಾಜನ ಹೆಂಡತಿ ಅಲ್ಲ ಅವರು, ತಾಯಿ ಕುಟುಂಬದ ಹಿರಿಯ ಹೆಂಗಸು, ಇವರಿಗೆ ದೊಡ್ಡಮ್ಮ. ಆಕೆ ಹೆಸರು ಹೇಳಬೇಕು, ಹಿರಿಯರು ಒಪ್ಪಬೇಕು, ಮೂರು ಸಲದವರೆಗೆ ಆಕೆಗೆ ಅವಕಾಶ. ಇವರಿಗೆ ಪೀಠ ಬೇಡವಾಗಿತ್ತು. 45 ವಯಸ್ಸು, ಕೈತುಂಬ ಕೆಲಸ, ಮಕ್ಕಳು ಸ್ಕೂಲಿನಲ್ಲಿ. ಆದರೆ ಅಲ್ಲಿ ‘ಆರಿಸಿದರು’ ಅನ್ನುವುದಕ್ಕಿಂತ ‘ಹಿಡಿದರು’ ಅನ್ನುವುದು ಜಾಸ್ತಿ. ಹಿಡಿದರು. ಮೈಗೆಲ್ಲ ಬಿಳಿ ಪುಡಿ ಹಚ್ಚಿ ಮೆರವಣಿಗೆ ಮಾಡಿದರು. ಆಮೇಲೆ ಸುಮಾರು 40 ದಿನ ಒಳಗೆ ಕೂರಿಸಿ ಕಲಿಸಿದರು. ವಂಶದ ಚರಿತ್ರೆ, ಡೋಲಿನ ಭಾಷೆ, ನಡೆಯುವುದು, ಕುಣಿಯುವುದು. ನಡೆಯುವುದು ಕೂಡ! ಪೀಠಗಳ ಕೋಣೆಯಲ್ಲಿ ಏನಾಯಿತು ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಳೆ ಹೆಸರು ಹೋಯಿತು. ಹೆಂಡತಿಯೂ ಜನರೆದುರು ನಾನಾ ಅನ್ನಬೇಕು.

ಆಮೇಲಿಂದ ಬರಿಗಾಲಿನಲ್ಲಿ ನೆಲ ಮುಟ್ಟುವಂತಿಲ್ಲ. ಚಪ್ಪಲಿ ಕಳಚಿಸಿದರೆ ಪೀಠದಿಂದ ಇಳಿಸಿದಂತೆ. ನೆಲಕ್ಕೆ ಕುಂಡೆ ತಾಗಬಾರದು. ಜನರೆದುರು ಊಟ ಇಲ್ಲ. ಯಾರಿಗೂ ಹೊಡೆಯುವಂತಿಲ್ಲ. ರಾಜಕೀಯ ಪಕ್ಷಕ್ಕೆ ಹೋಗುವಂತಿಲ್ಲ, ಅದು 1992ರ ಸಂವಿಧಾನದಲ್ಲೇ ಇದೆ. ಕೆಲಸದಲ್ಲಿದ್ದಾಗ ಟರ್ಬೈನ್ ಗುಂಡಿಗೆ ಇಳಿದು ಗ್ರೀಸಿನ ನೆಲದ ಮೇಲೆ ಅಂಗಾತ ಮಲಗುತ್ತಿದ್ದ ಮನುಷ್ಯ ಇವರು. ಅದು ಬಿಡಿ, ಅವರಿಗೆ ನಿಜವಾಗಿ ತಾಗಿದ್ದು ಬೇರೆ.

ಪೀಠಕ್ಕೆ ಏರಿಸುವ ದಿನ ಹಿರಿಯರು ಒಚಿಯಾಮೆಯ ಮೂಲಕ ಒಂದು ಪಟ್ಟಿ ಹೇಳುತ್ತಾರಂತೆ, ನಮಗೆ ಏನೇನು ಬೇಡ ಅಂತ. ನೀನು ದುರಾಸೆ ಮಾಡುವುದು ಬೇಡ. ನಿನ್ನ ಕಿವಿ ಗಟ್ಟಿ ಆಗುವುದು ಬೇಡ. ಜನರನ್ನು ದಡ್ಡರು ಅನ್ನುವುದು ಬೇಡ. ಯಾರನ್ನೂ ಕೇಳದೆ ನೀನೇ ತೀರ್ಮಾನ ಮಾಡುವುದು ಬೇಡ. ‘ನನಗೆ ಬಿಡುವಿಲ್ಲ, ನನಗೆ ಬಿಡುವಿಲ್ಲ’ ಅನ್ನುವುದು ಬೇಡ.

ಇದನ್ನು ಹೇಳಿ ನಾನಾ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಡ್ಯಾಮಿನ ಮಾತಿಗೇ ಮತ್ತೆ ಬಂದರು. ಆ ನೀರಿನಡಿ ಮುಳುಗಿದ ಊರುಗಳಿಂದ ಎದ್ದು ಹೋದವರು ಸುಮಾರು 80,000 ಜನ. ಇವರು ಕೆಲಸಕ್ಕೆ ಸೇರಿದಾಗ ಅದಾಗಿ ಹತ್ತು ವರ್ಷ ದಾಟಿತ್ತು, ಆದರೂ ಯಾರಾದರೂ ಗೇಟಿಗೆ ಬರುತ್ತಿದ್ದರು. ಜಾಗದ ದುಡ್ಡು ಬಂದಿಲ್ಲ, ಅಜ್ಜನ ಗೋರಿ ನೀರಿನಲ್ಲಿ ಹೋಯಿತು ಅಂತ. ಅದು ಇವರ ಇಲಾಖೆ ಅಲ್ಲ. ಯೂನಿಫಾರ್ಮ್ ಹಾಕಿದವರು ಯಾರು ಸಿಕ್ಕರೂ ಹೇಳುತ್ತಿದ್ದರು, ಇವರಿಗೂ ಹೇಳುತ್ತಿದ್ದರು. “ನಾನು ಏನು ಹೇಳುತ್ತಿದ್ದೆ ಗೊತ್ತಾ ಕ್ವಾಕು? ನನಗೆ ಬಿಡುವಿಲ್ಲ. ನಿಜವಾಗಿಯೂ ಇರಲಿಲ್ಲ. ಆರು ಯೂನಿಟ್ ಇತ್ತು ನೋಡಿಕೊಳ್ಳುವುದಕ್ಕೆ.”

ಈಗ ಬೆಳಿಗ್ಗೆಯಿಂದ ಸಂಜೆವರೆಗೆ ಕೂತು ಕೇಳುತ್ತಾರೆ. ಬೇಲಿ ಜಗಳ, ಹೆಂಡತಿಯ ಜಗಳ, ಕೋಳಿ ಕಳವು. ಮೊದಲ ವರ್ಷ ಗಡಿಯಾರ ನೋಡುವ ಚಟ ಹೋಗಲಿಲ್ಲವಂತೆ. ದೊಡ್ಡಮ್ಮ ಒಂದು ದಿನ ಬಂದು ಕೈಯಿಂದ ವಾಚು ಬಿಚ್ಚಿಕೊಂಡು ಹೋದರಂತೆ. ಪೀಠಕ್ಕೆ ಇನ್ನೊಬ್ಬ ಅಳಿಯ ತಗಾದೆ ಹೂಡಿದ್ದ, ಒಡೆಯರ ಸಭೆಗಳ ಕಟ್ಟೆ ಕಟ್ಟೆ ಹತ್ತಿ ಅದು ಮುಗಿಯಲು ಆರು ವರ್ಷ ಹಿಡಿಯಿತು. ಆ ಅಳಿಯ ಈಗ ಅದೇ ಸಭೆಯಲ್ಲಿ ಎಡಗಡೆ ಮೂರನೆಯವನಾಗಿ ಕೂರುತ್ತಾನೆ. ನಾನು ಬಲದಿಂದ ಎಡಕ್ಕೆ ನಮಸ್ಕಾರ ಹೇಳುತ್ತಾ ಹೋದಾಗ ಅವನಿಗೂ ಹೇಳಿದ್ದೆ.

ಇಂಥವರು ಇವರೊಬ್ಬರೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಕುಮಾಸಿಯ ಮನ್‌ಹಿಯಾ ಅರಮನೆಯಲ್ಲಿರುವ ಈಗಿನ ಅಸಾಂತೆಹೆನೆ, ಅಂದರೆ ಎಲ್ಲ ಒಡೆಯರಿಗೂ ಮೇಲಿನ ರಾಜ, 2ನೇ ಒಸೆಯಿ ಟುಟು, ಲಂಡನ್ನಿನಲ್ಲಿ ಓದಿದವರು, 1999ರಲ್ಲಿ ಪೀಠಕ್ಕೆ ಬಂದರು. ನೈಜೀರಿಯಾದ ನೆಂಬೆಯ ರಾಜ ಎಡ್ಮಂಡ್ ಡೌಕೊರು ಭೂಗರ್ಭ ಶಾಸ್ತ್ರದವರು, ಶೆಲ್ ಕಂಪನಿಯಲ್ಲಿದ್ದು, ಪೆಟ್ರೋಲಿಯಂ ಮಂತ್ರಿಯಾಗಿ, 2006ರಲ್ಲಿ ತೈಲ ರಫ್ತು ಮಾಡುವ ದೇಶಗಳ ಕೂಟ ಒಪೆಕ್‌ನ ಅಧ್ಯಕ್ಷರಾಗಿ, ಆಮೇಲೆ ಊರಿಗೆ ಹೋಗಿ ರಾಜನಾದವರು. ನನಗೆ ಎಲ್ಲಕ್ಕಿಂತ ಇಷ್ಟ ಜರ್ಮನಿಯ ಲುಡ್ವಿಗ್ಸ್‌ಹಾಫೆನ್‌ನಲ್ಲಿ ಗ್ಯಾರೇಜ್ ಇಟ್ಟಿದ್ದ ಸೆಫಾಸ್ ಬಾನ್ಸಾ. ಘಾನಾದ ಹೊಹೊಯ್ ಕಡೆಯವರು, ಎವೆ ಜನ. 1987ರಲ್ಲಿ ಅಜ್ಜ ತೀರಿದಾಗ ಅಪ್ಪ, ಅಣ್ಣ ಇಬ್ಬರೂ ಎಡಗೈಯವರು ಅಂತ ಬಿಟ್ಟು ಮೆಕ್ಯಾನಿಕ್ ಮೊಮ್ಮಗನನ್ನು ಕರೆದರು. ಅವರು ಗ್ಯಾರೇಜ್ ಬಿಡಲಿಲ್ಲ, ಫೋನು ಫ್ಯಾಕ್ಸಿನಲ್ಲೇ ಊರಿನ ಕೆಲಸ ನೋಡಿದರು. ನಾನಾರಿಗೆ ಈ ಕತೆ ಹೇಳಿದಾಗ ಅವರಿಗೆ ಮೊದಲೇ ಗೊತ್ತಿತ್ತು. “ಅವನ ಕೈ ಇನ್ನೂ ಕಪ್ಪಾಗಿಯೇ ಇದೆ” ಅಂದರು. ಹೊಟ್ಟೆಕಿಚ್ಚಿತ್ತಾ ಆ ಮಾತಿನಲ್ಲಿ? ಸ್ವಲ್ಪ ಇತ್ತು ಅಂತ ನನಗೆ ಅನ್ನಿಸಿತು.

ಕಾಗದದ ಕೆಲಸಕ್ಕೆ ಏಳು ತಿಂಗಳು ಹಿಡಿಯಿತು. ನಾನಾ ಮತ್ತು ಹಿರಿಯರ ಸಹಿ, ಮನ್‌ಹಿಯಾದ ಒಪ್ಪಿಗೆ, ಲ್ಯಾಂಡ್ಸ್ ಕಮಿಷನ್ನಿನಲ್ಲಿ ನೋಂದಣಿ. ಹೊರದೇಶದವರಿಗೆ 50 ವರ್ಷಕ್ಕಿಂತ ಜಾಸ್ತಿ ಲೀಸ್ ಇಲ್ಲ. ಬಾಡಿಗೆ ಒಡೆಯರ ಜೇಬಿಗೆ ಹೋಗುತ್ತದೆ ಅಂತ ನಮ್ಮ ಮ್ಯಾನೇಜರ್ ತಿಳಿದಿದ್ದರು. ಸರ್ಕಾರದ ಕಚೇರಿ ಅದನ್ನು ವಸೂಲು ಮಾಡಿ, ಮೊದಲು ಶೇಕಡಾ 10 ಕಳೆದು, ಉಳಿದದ್ದರಲ್ಲಿ 55 ಪಾಲು ಜಿಲ್ಲಾ ಸಭೆಗೆ, 25 ಪೀಠಕ್ಕೆ, 20 ಒಡೆಯರ ಮಂಡಳಿಗೆ ಕೊಡುತ್ತದೆ. ಈ ಲೆಕ್ಕವನ್ನು ನಾನಾ ನನಗೆ ಕಲಿಸಿದ್ದು, ಪೆನ್ಸಿಲಿನಲ್ಲಿ.

ಅದೇ ಪೆನ್ಸಿಲಿನಲ್ಲಿ ಇನ್ನೊಂದು ಬರೆದರು. ದಿಬ್ಬದ ಕೆಳಗೆ ಊರಿನ ಆಸ್ಪತ್ರೆ. ಅದರ ಲಸಿಕೆ ಫ್ರಿಜ್ಜು ಡುಮ್‌ಸೊ ಶುರುವಾದಾಗಿನಿಂದ ಐಸ್ ಪೆಟ್ಟಿಗೆಯ ಮೇಲೆ ಬದುಕಿತ್ತು. ಟವರಿನ ಜನರೇಟರಿನಿಂದ ಅಲ್ಲಿಗೆ ಒಂದು ಲೈನ್ ಎಳೆಯಬೇಕು. ಫ್ರಿಜ್ಜು, ಹೆರಿಗೆ ಕೋಣೆಯ ನಾಲ್ಕು ದೀಪ, ಕೇಬಲಿನ ಉದ್ದ, ವೋಲ್ಟೇಜ್ ಎಷ್ಟು ಇಳಿಯುತ್ತದೆ, ಎಲ್ಲಿ ಬ್ರೇಕರ್ ಹಾಕಬೇಕು, ಎಲ್ಲ ಬಿಡಿಸಿದ್ದರು. ಗೆರೆ ನೋಡಬೇಕಿತ್ತು ನೀವು, ಹದಿನೆಂಟು ವರ್ಷ ಡ್ರಾಯಿಂಗ್ ಮುಟ್ಟದ ಕೈಯದ್ದಲ್ಲ ಅದು. ಮ್ಯಾನೇಜರ್ ಮೊದಲು ಆಗುವುದಿಲ್ಲ ಅಂದರು, ಇದಕ್ಕೆಲ್ಲ ಎಲ್ಲಿದೆ ಬಿಡುವು ಅಂದರು. ಅದನ್ನು ಹೋಗಿ ಹೇಳು ಅಂತ ನನ್ನನ್ನೇ ಕಳಿಸಿದರು. ನಾನು ಹೋದೆ, ನೀರು ಕುಡಿದೆ, ಸುದ್ದಿ ಏನು ಅಂತ ಕೇಳಿದಾಗ ಕಂಪನಿ ಇನ್ನೂ ಯೋಚನೆ ಮಾಡುತ್ತಿದೆ ಅಂದೆ. ಒಚಿಯಾಮೆಯ ಕೆಲಸ ಅಷ್ಟರಲ್ಲಿ ನನಗೂ ಸ್ವಲ್ಪ ಬಂದಿತ್ತು. ಮೂರು ವಾರದಲ್ಲಿ ಕಂಪನಿ ಒಪ್ಪಿತು.

ಟವರ್ ಚಾಲು ಆದದ್ದು ಡಿಸೆಂಬರಿನಲ್ಲಿ, ಬುಧವಾರ ನೋಡಿಯೇ ಇಟ್ಟುಕೊಂಡೆವು. ಸಹಾರಾ ಕಡೆಯಿಂದ ಹರ್ಮಟ್ಟಾನ್ ಗಾಳಿ ಬೀಸಲು ಶುರುವಾಗಿತ್ತು, ದಿಬ್ಬದ ಮೇಲೆಲ್ಲ ಮಂಜಿನ ಹಾಗೆ ಧೂಳು. ನಾನಾ ಬಂದರು. ದೊಡ್ಡ ಛತ್ರಿ, ಹಿಂದೆ ಡೋಲು, ಮುಂದೆ ಒಚಿಯಾಮೆ. ಶ್ನಾಪ್ಸ್ ಹನಿಸಿದರು. ನಾನು ಬಟನ್ ಒತ್ತಿದೆ, ಹೊಸ ಇಂಜಿನ್, ಒಂದೇ ಏಟಿಗೆ ಚಾಲು. ನಾನಾ ಶೆಡ್ಡಿನ ಬಾಗಿಲಲ್ಲಿ ನಿಂತು ತಲೆ ಸ್ವಲ್ಪ ವಾಲಿಸಿ ಕೇಳಿದರು. ಎಷ್ಟು ಹೊತ್ತು ಅಂದರೆ ಡೋಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಚಿಯಾಮೆಯ ಕಿವಿಯಲ್ಲಿ ಏನೋ ಅಂದರು.

ಏರ್ ಫಿಲ್ಟರ್ ಎಷ್ಟು ಗಂಟೆಗೆ ಬದಲಿಸುತ್ತೀರಿ ಅಂತ ಒಚಿಯಾಮೆ ಕೇಳಿದರು. 250 ಅಂದೆ. ಕಂಪನಿಯ ಪುಸ್ತಕದಲ್ಲಿ ಇದ್ದದ್ದು ಅದು.

ಮತ್ತೆ ಕಿವಿ, ಮತ್ತೆ ಪಿಸುಮಾತು. ಮಾವ, ಸರ್ವೇಯರ್, ನಾನು ಮೂವರೂ ಗಾದೆಗೆ ಕಾದೆವು. ಒಚಿಯಾಮೆ ಕೋಲು ಊರಿದರು.

“150” ಅಂದರು. ಅಷ್ಟೇ.

ಸೀಮೆಸುಣ್ಣ ತಗೊಂಡು ಶೆಡ್ಡಿನ ಗೋಡೆಯ ಮೇಲೆ ಬರೆದೆ.